ಬೆನ್ನುಹುರಿ ಗಾಯ: ಪುನಶ್ಚೇತನದ ಹಾದಿ

ಬೆನ್ನುಹುರಿಗೆ ಪೆಟ್ಟು ಬಿದ್ದವರು ಹಿಂದೆ ಹೆಚ್ಚಾಗಿ ಸಾಯುತ್ತಿದ್ದುದು ಹಾಸಿಗೆಹುಣ್ಣು, ಮೂತ್ರದ ಸೋಂಕಿನಿಂದ. ಇದನ್ನು ಬದಲಿಸಿದವರು ನಾಜಿ ಜರ್ಮನಿ ತೊರೆದು ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗಟ್‌ಮನ್. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಘಟಕ ತೆರೆದು, ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ನಿಯಮ ತಂದರು. ದುಬಾರಿ ಯಂತ್ರವೇ ಬೇಡದ ಈ ಆರೈಕೆ ಇಂದಿಗೂ ಎಷ್ಟೋ ಕಡೆ ಸಿಗದಿರುವುದು ನೋವಿನ ಸಂಗತಿ. 1948ರ ಜುಲೈ 29ರಂದು ಗಟ್‌ಮನ್‌ರ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಬಳಸುವ 16 ಮಂದಿ ಸೇರಿ ನಡೆಸಿದ ಬಿಲ್ಲುಗಾರಿಕೆ ಸ್ಪರ್ಧೆಯೇ ಪ್ಯಾರಾಲಿಂಪಿಕ್ಸ್‌ನ ಬೇರು.

ಭಾರತದಲ್ಲಿ ನೆನಪಿಡಬೇಕಾದ ಹೆಸರು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರೂ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನಲ್ಲಿ ಪುನಶ್ಚೇತನ ವಿಭಾಗ ಕಟ್ಟಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇನ್ನೊಬ್ಬರು, ದೆಹಲಿಯಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಸ್ಥಾಪಿಸಿದ, 1965ರಲ್ಲಿ ಎವರೆಸ್ಟ್ ಏರಿದ್ದ ಎಚ್.ಪಿ.ಎಸ್. ಅಹ್ಲುವಾಲಿಯಾ. ಪ್ರತಿ ವರ್ಷ ಸೆಪ್ಟೆಂಬರ್ 5 ವಿಶ್ವ ಬೆನ್ನುಹುರಿ ಗಾಯ ದಿನ.