ಮೊದಲು ನೇಮದ ಪಟ್ಟಿ, ಆಮೇಲೆ ಜಾಗದ ಪಟ್ಟಿ
ಹಿರಿಯರು, ಮಕ್ಕಳು ಜೊತೆಯಾಗಿ ಚಿತ್ರದುರ್ಗದ ಸೀಮೆಯಲ್ಲಿ ಒಂದು ದಿನ ಸುತ್ತುವ ಬಗೆ

ದಸರಾ ರಜೆಗೆ ಒಂದು ದಿನದ ಪ್ರವಾಸ ಎಂದ ಕೂಡಲೇ ಮನೆಮನೆಯಲ್ಲೂ ಜಾಗಗಳ ಪಟ್ಟಿ ತಯಾರಾಗುತ್ತದೆ. ಕೋಟೆ, ಚಂದ್ರವಳ್ಳಿ, ಮಾರಿಕಣಿವೆ, ಹೊಳಲ್ಕೆರೆಯ ಬಯಲು ಗಣಪತಿ, ಹೊತ್ತು ಉಳಿದರೆ ಹೊಸದುರ್ಗದ ಕಡೆ ಒಂದು ಸುತ್ತು. ಅಜ್ಜಿ ಲಿಂಗಪೂಜೆಗೆ ಎಲ್ಲಿ ಕೂರುತ್ತಾರೆ, ಹೋಟೆಲ್ ಊಟ ಮುಟ್ಟದ ದೊಡ್ಡಪ್ಪ ಮಧ್ಯಾಹ್ನ ಏನು ಉಣ್ಣುತ್ತಾರೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಜೈನ ಮನೆಯವರ ಸಂಜೆಯ ಊಟ ಎಷ್ಟು ಗಂಟೆಗೆ, ಶುಕ್ರವಾರದ ನಮಾಜಿಗೆ ಗಾಡಿ ಎಲ್ಲಿ ನಿಲ್ಲಬೇಕು ಎಂಬುದನ್ನು ಆ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಕೊನೆಗೆ ಹಿರಿಯರು ‘ನೀವು ನೋಡ್ಕೊಂಡು ಬನ್ನಿ, ನಾನು ಗಾಡೀಲೇ ಕೂತಿರ್ತೀನಿ’ ಎನ್ನುತ್ತಾರೆ. ಅವರಿಗೆ ಆಸಕ್ತಿ ಇಲ್ಲವೆಂದು ಮಕ್ಕಳು ತಿಳಿಯುತ್ತಾರೆ. ನಿಜಕ್ಕೂ ಅವರಿಗೆ ಹಸಿವಾಗಿರುತ್ತದೆ.

ನೇಮ ಇರುವ ಮನೆಗೆ ಪ್ರವಾಸ ಆಗಿಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳನ್ನೇ ನೋಡಿ. ಅವರ ಸಬ್ಬತ್ ಶುಕ್ರವಾರ ಸಂಜೆ ಸೂರ್ಯಾಸ್ತಕ್ಕೆ ಶುರುವಾದರೆ ಶನಿವಾರ ಕತ್ತಲಾಗುವ ತನಕ ಇರುತ್ತದೆ. ಕಟ್ಟುನಿಟ್ಟಾಗಿ ಪಾಲಿಸುವವರು ಆ ಹೊತ್ತಿನಲ್ಲಿ ವಾಹನ ಹತ್ತುವುದಿಲ್ಲ, ಒಲೆ ಹಚ್ಚುವುದಿಲ್ಲ. ಪೆಸಾಕ್ ಹಬ್ಬದ ದಿನಗಳಲ್ಲಿ ಹುಳಿ ಬರಿಸಿದ ಹಿಟ್ಟಿನ ರೊಟ್ಟಿ ತಿನ್ನುವಂತಿಲ್ಲ. ಹಾಗೆಂದು ಅವರು ಮನೆಯಲ್ಲೇ ಕೂರುವುದಿಲ್ಲ. ಅಲಿಬಾಗ್ ಹತ್ತಿರ ಖಂಡಾಲಾ ಎಂಬ ಹಳ್ಳಿಯಿದೆ, ಹೆಸರುವಾಸಿ ಗಿರಿಧಾಮ ಬೇರೆ, ಇದು ಬೇರೆ. ಅಲ್ಲಿನ ಬಂಡೆಯ ಮೇಲಿನ ಗುರುತು ಪ್ರವಾದಿ ಎಲಿಯಾಹುವಿನ ರಥದ್ದು ಎಂಬುದು ಅವರ ನಂಬಿಕೆ. ಗಿಡಮರಗಳ ಹೊಸ ವರ್ಷವಾದ ತು ಬಿಶ್ವಾತ್ ಹೊತ್ತಿಗೆ ಕುಟುಂಬಗಳು ಅಲ್ಲಿಗೆ ಹೋಗುತ್ತವೆ. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ಕಲಸಿದ ‘ಮಲಿದಾ’ವನ್ನು ಹಣ್ಣುಗಳ ಜೊತೆ ಇಟ್ಟು ಪ್ರಾರ್ಥಿಸಿ ಹಂಚಿ ತಿನ್ನುತ್ತವೆ. ದಿನ, ಹೊತ್ತು, ತಿನಿಸು ಎಲ್ಲವನ್ನೂ ನೇಮವೇ ಗೊತ್ತುಮಾಡಿಕೊಟ್ಟಿರುವುದರಿಂದ ಅವರ ಪ್ರವಾಸ ಅಚ್ಚುಕಟ್ಟಾಗಿ ನಡೆಯುತ್ತದೆ. ನಾವೂ ಅದೇ ದಾರಿ ಹಿಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಹಂತ 1: ನೇಮ ಕೇಳಿ ಬರೆದುಕೊಳ್ಳಿ

ಹೊರಡುವ ಎರಡು ದಿನ ಮೊದಲೇ ಮನೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಬೆಳಗಿನ ಪೂಜೆ ಎಷ್ಟು ಹೊತ್ತು? ಪೂಜೆಗೆ ಮುಂಚೆ ಕಾಫಿ ಕುಡಿಯುತ್ತಾರೆಯೇ? ಸಂಜೆಯೂ ಪೂಜೆ ಇದೆಯೇ? ಅಂದು ಏಕಾದಶಿಯೋ, ಸೋಮವಾರದ ಒಪ್ಪೊತ್ತೋ, ನವರಾತ್ರಿಯ ಉಪವಾಸವೋ? ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ನಡೆಯುತ್ತದೆಯೇ? ಯಾವ ಮಾತ್ರೆ ಯಾವ ಹೊತ್ತಿಗೆ? ಎಲ್ಲರೆದುರು ಕೇಳಿದರೆ ‘ನಂದೇನೂ ತೊಂದ್ರೆ ಇಲ್ಲ ಬಿಡ್ರಪ್ಪ’ ಎಂದುಬಿಡುತ್ತಾರೆ. ಅದಕ್ಕೇ ಒಬ್ಬೊಬ್ಬರನ್ನೇ ಕೇಳಬೇಕು.

ಇಷ್ಟಲಿಂಗ ಪೂಜೆ ಮಾಡುವವರಿದ್ದರೆ ಮನೆಯಲ್ಲೇ ಮುಗಿಸಿ ಹೊರಡುವುದು ಒಳ್ಳೆಯದು. ಅದಕ್ಕಾಗಿ ಎಲ್ಲರೂ ಅರ್ಧ ಗಂಟೆ ಬೇಗ ಏಳಬೇಕು, ಅಷ್ಟೇ. ದೂರದಿಂದ ಬರುವವರು ವಿಭೂತಿ, ಪತ್ರೆ, ಮಡಿ ಬಟ್ಟೆ, ಒಂದು ತಂಬಿಗೆ ನೀರನ್ನು ಬೇರೆ ಚೀಲದಲ್ಲಿಟ್ಟು, ಆ ಚೀಲವನ್ನು ಸೀಟಿನ ಕೆಳಗೆ ತುರುಕದೆ ಹಿರಿಯರ ಕೈಗೇ ಕೊಡಿ.

ಹಂತ 2: ದಿನ ಗೊತ್ತುಮಾಡಿ

ಆಯುಧಪೂಜೆಯ ದಿನ ಬಾಡಿಗೆ ಗಾಡಿ ನೆಚ್ಚಬೇಡಿ. ಗಾಡಿ ತೊಳೆದು, ಪೂಜೆ ಮಾಡಿ, ಕುಂಬಳಕಾಯಿ ಒಡೆದು ಮುಗಿಯುವ ತನಕ ಚಾಲಕರು ಹೊರಡುವುದಿಲ್ಲ, ಹೊರಡಿಸುವುದು ನ್ಯಾಯವೂ ಅಲ್ಲ. ಉಪವಾಸದ ದಿನ ಬೆಟ್ಟ ಹತ್ತುವ ಯೋಜನೆ ಬೇಡ. ರಜೆಯ ಭಾನುವಾರಕ್ಕಿಂತ ವಾರದ ನಡುವಿನ ದಿನ ಎಷ್ಟೋ ವಾಸಿ. ಆಡುಮಲ್ಲೇಶ್ವರದ ಕಿರು ಮೃಗಾಲಯವೂ ಪಟ್ಟಿಯಲ್ಲಿದ್ದರೆ ಅದರ ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿ.

ಹಂತ 3: ಒಂದು ದಿನಕ್ಕೆ ಒಂದೇ ದಿಕ್ಕು

ಜಿಲ್ಲಾಕೇಂದ್ರದಿಂದ ಹಿರಿಯೂರು ಸುಮಾರು 40 ಕಿ.ಮೀ., ಅಲ್ಲಿಂದ ಮಾರಿಕಣಿವೆ ಇನ್ನೂ ಸುಮಾರು 20. ಹೊಳಲ್ಕೆರೆ ಶಿವಮೊಗ್ಗ ರಸ್ತೆಯಲ್ಲಿದೆ, ಅಂದರೆ ಬೇರೆಯೇ ದಿಕ್ಕು. ಎರಡನ್ನೂ ಒಂದೇ ದಿನಕ್ಕೆ ಹೊಲಿದರೆ ಮಕ್ಕಳು ನೋಡುವುದು ಗಾಡಿಯ ಕಿಟಕಿಯನ್ನು ಮಾತ್ರ. ದುರ್ಗ ಒಂದು ದಿನ, ಹಿರಿಯೂರಿನ ದಾರಿ ಒಂದು ದಿನ, ಹೊಳಲ್ಕೆರೆ–ಹೊಸದುರ್ಗ ಇನ್ನೊಂದು ದಿನ ಎಂದು ಮೂರು ಭಾಗ ಮಾಡಿಕೊಳ್ಳಿ. ಈ ರಜೆಗೆ ಒಂದು ಸಾಕು.

ಹಂತ 4: ಬುತ್ತಿ

ಹೊರಗಿನ ಊಟ ಮುಟ್ಟದವರು ಒಬ್ಬರೇ ಇದ್ದರೂ ಬುತ್ತಿಯನ್ನು ಎಲ್ಲರಿಗೂ ಕಟ್ಟಿ. ಒಬ್ಬರು ಡಬ್ಬಿ ಬಿಚ್ಚಿ, ಉಳಿದವರು ಹೋಟೆಲಿಗೆ ಹೋದರೆ ಆ ಒಬ್ಬರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮ ಬಿಸಿಲಿಗೆ ತಡೆಯುವುದು ಸಜ್ಜೆ ಅಥವಾ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ. ಚಿತ್ರಾನ್ನವಾದರೆ ಅನ್ನ ಪೂರ್ತಿ ಆರಿದ ಮೇಲೆ ಕಲಸಿ ಡಬ್ಬಿಗೆ ಹಾಕಿ; ಬಿಸಿಯಲ್ಲೇ ಮುಚ್ಚಳ ಹಾಕಿದರೆ ಬೆವರಿ ಬೇಗ ಹಳಸುತ್ತದೆ. ಮೊಸರನ್ನಕ್ಕೆ ಬೆಳಗ್ಗೆ ಹಾಲು ಜಾಸ್ತಿ, ಮೊಸರು ಒಂದೆರಡು ಚಮಚ ಹಾಕಿ ಕಲಸಿಟ್ಟರೆ ಊಟದ ಹೊತ್ತಿಗೆ ಹದವಾಗಿರುತ್ತದೆ. ತೆಂಗಿನಕಾಯಿ ಚಟ್ನಿ ಮನೆಯಲ್ಲೇ ಇರಲಿ. ಮಂಡಕ್ಕಿ, ಬಾಳೆಹಣ್ಣು, ಬೆಲ್ಲ ಕೈಗೆ ಸಿಗುವ ಚೀಲದಲ್ಲಿರಲಿ. ಮುತ್ತುಗದ ಎಲೆಯಲ್ಲಿ ಉಂಡರೆ ಪಾತ್ರೆ ತೊಳೆಯುವ ಕೆಲಸವಿಲ್ಲ. ಆದರೆ ಉಂಡ ಎಲೆಯನ್ನು ಅಲ್ಲೇ ಎಸೆಯದೆ ಚೀಲಕ್ಕೆ ಹಾಕಿ ತನ್ನಿ. ನೀರು ತಲೆಗೆ ಎರಡು ಲೀಟರಿಗೆ ಕಡಿಮೆ ಬೇಡ. ಕಾಯಿಸಿದ ನೀರನ್ನೇ ಕುಡಿಯುವ ಜೈನ ಹಿರಿಯರಿಗೆ ಗುರುತು ಹಾಕಿದ ಬೇರೆ ಬಾಟಲಿ ಇಡಿ. ಅಕ್ಟೋಬರಿನಲ್ಲಿ ಸೂರ್ಯಾಸ್ತ ಸಂಜೆ ಆರರ ಆಸುಪಾಸಿಗೆ. ಅವರ ಊಟ ಐದಕ್ಕೇ ಬಿಚ್ಚಿದರೆ ಗಡಿಬಿಡಿ ಇಲ್ಲ.

ಹಂತ 5: ಕೋಟೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲೇಬೇಡಿ

ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಹೆಚ್ಚಿನ ಕುಟುಂಬಗಳು ಆರಾಮವಾಗಿ ಹೊರಟು, ದಾರಿಯಲ್ಲಿ ತಿಂಡಿ ತಿಂದು, ಹನ್ನೊಂದಕ್ಕೆ ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಆ ಹೊತ್ತಿಗೆ ಬಂಡೆ ಕಾದಿರುತ್ತದೆ. ಏಳುಸುತ್ತಿನ ಕೋಟೆಯಲ್ಲಿ ಮೇಲೆ ಹೋದಷ್ಟೂ ಮರದ ನೆರಳು ಕಡಿಮೆ. ಬಿಸಿಲು ಮೇಲಿನಿಂದಲೂ ಬರುತ್ತದೆ, ಕಾಲಡಿಯ ಕಲ್ಲಿನಿಂದಲೂ ಬರುತ್ತದೆ.

ಅದರ ಮೇಲೆ ಹಿರಿಯರ ಸ್ಥಿತಿ ಯೋಚಿಸಿ. ಅಭ್ಯಾಸದಂತೆ ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿರುತ್ತಾರೆ. ಹೊರಡುವ ಅವಸರದಲ್ಲಿ ಪೂಜೆ ಆಗಿಲ್ಲ, ಪೂಜೆ ಆಗದೆ ತಿಂಡಿ ಇಲ್ಲ, ಹೋಟೆಲಿನದು ಬೇಡ. ಮೊಮ್ಮಕ್ಕಳ ಸಂತೋಷಕ್ಕೆ ಏನೂ ಹೇಳದೆ ಮೆಟ್ಟಿಲು ಹತ್ತುತ್ತಾರೆ. ಅರ್ಧ ದಾರಿಯಲ್ಲಿ ಕೈ ನಡುಕ, ತಣ್ಣನೆ ಬೆವರು, ಮಾತು ತೊದಲು. ಜೊತೆಗಿರುವವರು ‘ಬಿಸಿಲಿಗೆ ಸುಸ್ತಾಗಿದೆ’ ಎಂದು ನೀರು ಕೊಟ್ಟು ಗಾಳಿ ಬೀಸುತ್ತಾರೆ. ಸಕ್ಕರೆ ಇಳಿದಿದ್ದರೆ ಬರೀ ನೀರಿನಿಂದ ಪ್ರಯೋಜನವಿಲ್ಲ. ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಲ್ಲಿನ ಮೆಟ್ಟಿಲುಗಳ ಮೇಲೆ ಒಬ್ಬರನ್ನು ಹೊತ್ತು ಇಳಿಸುವುದು ಎಷ್ಟು ಕಷ್ಟವೆಂಬುದು ಆಗ ಗೊತ್ತಾಗುತ್ತದೆ. ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮುಂಚೆಯೇ ಕೇಳಿ. ಮಾತ್ರೆ ನುಂಗಿದವರು ಉಣ್ಣದೆ ಗಾಡಿ ಹತ್ತಬಾರದು. ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಸರಿಯಾದ ಕ್ರಮ ಹೀಗೆ. ಬೆಳಗ್ಗೆ ಏಳರೊಳಗೆ ಕೋಟೆಯ ಬಾಗಿಲಲ್ಲಿರಿ. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ದೊಡ್ಡವರಿಗೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗಿಲ್ಲ. ಬುತ್ತಿ ಗಾಡಿಯಲ್ಲೇ ಇರಲಿ. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಕೋತಿಗಳು ಮಕ್ಕಳ ಕೈಗೇ ಬಾಯಿ ಹಾಕುತ್ತವೆ. ಕೆಳಗಿನ ಬಾಗಿಲುಗಳು, ಎಣ್ಣೆಕೊಳ, ಮದ್ದು ಬೀಸುವ ದೊಡ್ಡ ಕಲ್ಲುಗಳ ತನಕ ಹಿರಿಯರೂ ನಿಧಾನವಾಗಿ ಬರಬಹುದು. ಮುಂದಿನದು ಅವರವರ ಮಂಡಿಯ ಶಕ್ತಿಗೆ ಬಿಟ್ಟದ್ದು. ಮಕ್ಕಳನ್ನು ಏಕನಾಥೇಶ್ವರಿ ಗುಡಿ, ತಣ್ಣೀರು ದೋಣಿ, ಓಬವ್ವನ ಕಿಂಡಿಗೆ ಕರೆದೊಯ್ಯಿರಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಓಬವ್ವ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ಕಥೆಯನ್ನು ಆ ಜಾಗದಲ್ಲೇ ನಿಂತು ಹೇಳಬೇಕು. ದೋಣಿಗೂ ಕಿಂಡಿಗೂ ಎಷ್ಟು ಸಮೀಪವೆಂದು ಕಂಡಾಗ ಕಥೆ ಅವರಿಗೆ ತಾನೇ ಅರ್ಥವಾಗುತ್ತದೆ. 1779ರಲ್ಲಿ ಕೋಟೆ ಹೈದರನ ವಶವಾದದ್ದನ್ನೂ ಹೇಳಿ. ಮಕ್ಕಳು ಕೇಳಿಯೇ ಕೇಳುತ್ತಾರೆ. ತುಪ್ಪದ ಕೊಳದ ಮೇಲಿನ ಜಾರುವ ಏರು ಚಿಕ್ಕ ಮಕ್ಕಳಿಗೆ ಬೇಡ. ಹತ್ತೂವರೆಗೆ ಎಲ್ಲರೂ ಕೆಳಗಿರಬೇಕು.

ಊಟ, ವಿಶ್ರಾಂತಿ ಆದ ಮೇಲೆ ನಾಲ್ಕರ ಸುಮಾರಿಗೆ ಚಂದ್ರವಳ್ಳಿಗೆ ಹೋಗಿ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅದರಲ್ಲಿರುವುದು ಕೆರೆಯ ಮಾತು. ಇಲ್ಲಿನ ಉತ್ಖನನಗಳಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಕೂಡ ಇಲ್ಲಿ ಅಗೆದು ನೋಡಿದರು. ಅಂಕಲಿ ಮಠದ ಗುಹೆಗಳೊಳಗೆ ಕತ್ತಲು, ಬಗ್ಗಿ ನಡೆಯಬೇಕು. ದಾರಿ ಗೊತ್ತಿರುವವರು ಮತ್ತು ಟಾರ್ಚ್ ಇಲ್ಲದೆ ಇಳಿಯಬೇಡಿ. ಉಸಿರಾಟದ ತೊಂದರೆ ಇರುವವರು ಹೊರಗೇ ಕೂರಲಿ. ಕೆರೆಯಲ್ಲಿ ಈಜು ಬೇಡ.

ಹಂತ 6: ಹಿರಿಯೂರಿನ ದಾರಿ

ಮಂಡಿ ನೋವಿನ ಹಿರಿಯರಿದ್ದರೆ ಕೋಟೆಗಿಂತ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ, ಅಂದರೆ ವಾಣಿ ವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಆ ಮಧ್ಯದ ಬರಗಾಲಗಳನ್ನು ಕಂಡ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಅಲ್ಲಿ ನಿಂತು ಹೇಳುವ ಮಾತು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನೀರಿಗೆ ಮಾತ್ರ ಇಳಿಯಬೇಡಿ, ಕೋಡಿ ಹರಿಯುವಾಗ ಅಂಚಿಗೆ ನಿಂತು ಫೋಟೊ ತೆಗೆಯಬೇಡಿ, ಸಿಬ್ಬಂದಿ ತಡೆದರೆ ವಾದಕ್ಕಿಳಿಯಬೇಡಿ. ಬೆಳಗ್ಗೆ ಅಣೆಕಟ್ಟು, ಪಕ್ಕದ ಕಣಿವೆ ಮಾರಮ್ಮನ ದರ್ಶನ. ಆಮೇಲೆ ಹಿರಿಯೂರಿಗೆ ಬಂದು ನೆರಳಲ್ಲಿ ಊಟ. ಸಂಜೆ ತೇರುಮಲ್ಲೇಶ್ವರ ಗುಡಿ. ಅಲ್ಲಿ ಮುಖಮಂಟಪದ ಒಳಮಾಳಿಗೆಯ ಚಿತ್ರಗಳನ್ನು ತಲೆಯೆತ್ತಿ ನೋಡಲು ಮಕ್ಕಳಿಗೆ ಹೇಳಿ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಹಿರಿಯರು ಗುರುತು ಹಿಡಿದು ತೋರಿಸಲಿ. ಶುಕ್ರವಾರ ಹೊರಟ ಮುಸ್ಲಿಂ ಕುಟುಂಬಗಳು ಮಧ್ಯಾಹ್ನದ ಜುಮ್ಮಾ ಹೊತ್ತಿಗೆ ಊರೊಳಗೆ ಇರುವಂತೆ ಲೆಕ್ಕ ಹಾಕಿದರೆ ಅಣೆಕಟ್ಟಿನ ದಾರಿಯಲ್ಲಿ ಪರದಾಡುವುದು ತಪ್ಪುತ್ತದೆ.

ಹಂತ 7: ಹೊಳಲ್ಕೆರೆ, ಹೊಸದುರ್ಗ

ಬೆಳಗ್ಗೆ ಹೊಳಲ್ಕೆರೆಯ ಪ್ರಸನ್ನ ಗಣಪತಿ. ಮೇಲೆ ಚಾವಣಿಯಿಲ್ಲದ ಬಯಲು ಗಣಪತಿಯಾದ್ದರಿಂದ ಬಿಸಿಲೇರುವ ಮುಂಚೆ ಹೋಗಿ. ಅಲ್ಲಿಂದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋದರೆ ಶಿವಕುಮಾರ ಕಲಾಸಂಘದ ರಂಗಮಂದಿರಗಳಿವೆ. ನವೆಂಬರ್ ಹೊತ್ತಿಗೆ ನಾಟಕೋತ್ಸವವಿದ್ದರೆ ಇಡೀ ದಿನ ಅದಕ್ಕೇ ಇಡಿ. ಜೈನ ಕುಟುಂಬಗಳು ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯನ್ನು ಸೇರಿಸಿಕೊಳ್ಳಬಹುದು, ಆದರೆ ಅದು ತಾಲ್ಲೂಕಿನ ಅಂಚಿನಲ್ಲಿದೆ, ಸಾಣೇಹಳ್ಳಿಯ ಜೊತೆ ಬೆರೆಸಬೇಡಿ. ರೈಲಿನಲ್ಲಿ ಬರುವವರಿಗೊಂದು ಮಾತು: ಹೊಸದುರ್ಗ ರೋಡ್ ನಿಲ್ದಾಣದಿಂದ ಊರು ದೂರವಿದೆ, ಗಾಡಿ ಮೊದಲೇ ಗೊತ್ತುಮಾಡಿ.

ಹೊರಡುವ ಮುನ್ನ ನೋಡಿಕೊಳ್ಳಿ: ಪೂಜೆಯ ಚೀಲ, ಮಾತ್ರೆ, ಸಕ್ಕರೆ ಪೊಟ್ಟಣ, ನೀರು, ಟೋಪಿ, ಟಾರ್ಚ್, ಕಸದ ಚೀಲ. ದಾರಿಯಲ್ಲಿ ತಡವಾದರೆ ಒಂದು ಜಾಗ ಕೈಬಿಡಿ, ಹಿರಿಯರ ಊಟದ ಹೊತ್ತನ್ನು ಕೈಬಿಡಬೇಡಿ.