ಬ್ಯಾಗಿನ ತೂಕ, ವಾತಾವರಣದ ಇಂಗಾಲ

ಗಲ್ಫ್‌ನಿಂದ ರಜೆಗೆ ಬರುವವರ ಬ್ಯಾಗುಗಳು ತುಂಬಿರುವುದು ನಮಗೆಲ್ಲ ಗೊತ್ತು. ಆ ತೂಕಕ್ಕೂ ವಾತಾವರಣಕ್ಕೂ ಏನು ಸಂಬಂಧ?

ಮೊದಲು ಭೌತಶಾಸ್ತ್ರ. ವಿಮಾನ ಸಮಮಟ್ಟದಲ್ಲಿ ಹಾರಲು ರೆಕ್ಕೆಗಳ ಮೇಲ್ಮುಖ ಬಲ ಒಟ್ಟು ತೂಕಕ್ಕೆ ಸಮನಾಗಿರಬೇಕು. ತೂಕ ಹೆಚ್ಚಿದರೆ ಈ ಬಲ ಹೆಚ್ಚಬೇಕು. ಜೊತೆಗೆ ಗಾಳಿಯ ಪ್ರತಿರೋಧವೂ ಹೆಚ್ಚುತ್ತದೆ. ಅದನ್ನು ಮೀರಲು ಹೆಚ್ಚು ಇಂಧನ ಬೇಕು. ಸ್ಥೂಲವಾಗಿ, ಹೆಚ್ಚುವರಿ ತೂಕದ ಶೇ. 3ರಷ್ಟು ಇಂಧನ ಪ್ರತಿ ಗಂಟೆಗೆ ಉರಿಯುತ್ತದೆ.

ಇನ್ನು ರಸಾಯನಶಾಸ್ತ್ರ. 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕದೊಡನೆ ಸೇರಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ವಿಮಾನ ಇಂಧನದ ಬಹುಪಾಲು ಇಂಗಾಲವೇ. ಆದ್ದರಿಂದ 1 ಕೆ.ಜಿ. ಇಂಧನ ಉರಿದರೆ ಸುಮಾರು 3.16 ಕೆ.ಜಿ. ಡೈಆಕ್ಸೈಡ್ ಹೊರಬರುತ್ತದೆ.

ಈಗ ಲೆಕ್ಕ. ಪ್ರಯಾಣ 4 ಗಂಟೆ ಎಂದಿಟ್ಟುಕೊಳ್ಳಿ. 10 ಕೆ.ಜಿ. ಸಾಮಾನು ಕಡಿಮೆಯಾದರೆ 1.2 ಕೆ.ಜಿ. ಇಂಧನ ಉಳಿಯುತ್ತದೆ, ಸುಮಾರು 3.8 ಕೆ.ಜಿ. ಡೈಆಕ್ಸೈಡ್ ತಪ್ಪುತ್ತದೆ. ಒಬ್ಬರದು ಚಿಕ್ಕ ಪಾಲು. 180 ಪ್ರಯಾಣಿಕರೂ ಹೀಗೆ ಮಾಡಿದರೆ ಒಂದೇ ಹಾರಾಟದಲ್ಲಿ ಸುಮಾರು 680 ಕೆ.ಜಿ.!

ಬರುವವರ ಬ್ಯಾಗು ತುಂಬುವುದು ಹೆಚ್ಚಾಗಿ ನಾವು ಕಳಿಸುವ ಪಟ್ಟಿಯಿಂದ. ಸೋಪು, ಶಾಂಪೂ, ಹಾಲಿನ ಪುಡಿ ನಮ್ಮೂರ ಅಂಗಡಿಯಲ್ಲೇ ಸಿಗುತ್ತವೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ, "ಅವನ್ನೆಲ್ಲ ತರಬೇಡಿ, ನೀವು ಬಂದರೆ ಸಾಕು" ಎನ್ನಿ.