ಕಪ್ಪು ಮಣ್ಣಿನಲ್ಲಿ ಕುಬ್ಜ ಕೇಪಳದ ಎಲೆ ಹಳದಿಯಾಗುವುದೇಕೆ?

ದಾವಣಗೆರೆ, ಹರಿಹರದ ಬಡಾವಣೆಗಳಲ್ಲಿ ಮನೆಯ ಮುಂದೆ ಕುಬ್ಜ ಕೇಪಳವನ್ನು ನೆಡುವವರು ಅನೇಕರು. ನರ್ಸರಿಗಳಲ್ಲಿ ಇದಕ್ಕೆ ಇಕ್ಸೋರಾ ಎನ್ನುತ್ತಾರೆ. ಮೊಣಕಾಲೆತ್ತರದಲ್ಲೇ ಬುಡದಿಂದ ಹರಡಿಕೊಂಡು, ವರ್ಷವಿಡೀ ಹಸಿರಾಗಿದ್ದು ಗೊಂಚಲು ಹೂ ಬಿಡುವ ಪೊದೆ ಇದು. ತಂದಾಗ ಕಡುಹಸಿರಾಗಿದ್ದ ಗಿಡ ಕೆಲವು ತಿಂಗಳಲ್ಲಿ ಹಳದಿಗೆ ತಿರುಗಿದರೆ ಮನೆಯವರು ಯೂರಿಯಾ ಹಾಕುವುದುಂಟು. ಇದು ವ್ಯರ್ಥ ಖರ್ಚು.

ಮೊದಲು ಎಲೆಯನ್ನು ನೋಡಬೇಕು. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಚಿಗುರೆಲೆಗಳೇ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೇಪಳವು ಕರಾವಳಿ, ಮಲೆನಾಡಿನ ಹುಳಿ ಮಣ್ಣಿನ ಗಿಡ, ಅದಕ್ಕೆ 5.5ರಿಂದ 6.5ರ ರಸಸಾರ ಹಿತ. ಸುಣ್ಣದ ಹರಳಿರುವ ಕಪ್ಪು ಭೂಮಿಯ ರಸಸಾರ ಸಾಮಾನ್ಯವಾಗಿ 8ರ ಸುಮಾರಿಗಿರುತ್ತದೆ. ಅಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ. ಗೋಡೆಯ ಬುಡದಲ್ಲಿ ಹೂತಿರುವ ಗಾರೆ, ಸಿಮೆಂಟಿನ ಚೂರು ಈ ತೊಂದರೆಯನ್ನು ಇನ್ನೂ ಹೆಚ್ಚಿಸುತ್ತವೆ. ಗಡಸು ಕೊಳವೆಬಾವಿ ನೀರೂ ಹಾಗೆಯೇ.

ತಾತ್ಕಾಲಿಕ ಉಪಾಯವಾಗಿ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬೇಕು. ಹದಿನೈದು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಸಾಕು. ದ್ರಾವಣವನ್ನು ಆಗಲೇ ತಯಾರಿಸಿ ಬಳಸಬೇಕು. ಕಂದು ಬಣ್ಣಕ್ಕೆ ತಿರುಗಿದ್ದು ಪ್ರಯೋಜನವಿಲ್ಲ. ಗೋಡೆ, ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮನೆಯವರ ಬೈಗುಳ ತಪ್ಪದು. ಅನ್ನಭೇದಿಯನ್ನು ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣು ಅದನ್ನು ಬೇಗನೆ ಹಿಡಿದಿಟ್ಟುಬಿಡುತ್ತದೆ.

ಹೊಸದಾಗಿ ನೆಡುವವರು ಮಣ್ಣನ್ನೇ ಬದಲಿಸುವುದು ಲೇಸು. ಕಪ್ಪು ನೆಲದಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬಿದರೆ ಮಳೆಗಾಲದಲ್ಲಿ ಗುಂಡಿಯೇ ತೊಟ್ಟಿಯಾಗಿ ಬೇರು ಕೊಳೆಯುತ್ತದೆ. ಆದುದರಿಂದ ಗೋಡೆಯಿಂದ ಮೂರು ಅಡಿ ದೂರದಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದ ಏರುಮಡಿ ಮಾಡಿ, ಸುಣ್ಣವಿಲ್ಲದ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು ಪಾಲು ಬೆರೆಸಿ ತುಂಬಬೇಕು. ತಂದ ಮಣ್ಣಿನ ಮೇಲೆ ತುಸು ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲೂ ಸುಣ್ಣವಿದೆ ಎಂದರ್ಥ. ನೊರೆ ಬಾರದಿದ್ದರೂ ರಸಸಾರದ ಪರೀಕ್ಷೆ ಮಾಡಿಸಿದರೆ ಸಂದೇಹವಿರದು. ಈ ಬಗ್ಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಛಾವಣಿಯ ಮಳೆನೀರನ್ನು ಹಿಡಿದಿಟ್ಟು ಹಾಕಿದರೆ ಗಿಡಕ್ಕೆ ಬಹಳ ಒಳ್ಳೆಯದು.

ಹೂ ಬರುವುದು ರೆಂಬೆಯ ತುದಿಯಲ್ಲಿ. ಆದ್ದರಿಂದ ಹೂ ಮುಗಿದ ಮೇಲೆಯೇ ಸವರಬೇಕು.

ಇಷ್ಟು ಶ್ರಮ ಬೇಡವೆನ್ನುವವರು ಕವಳೆ ಗಿಡ ಹಾಕಿ ತಗ್ಗಾಗಿ ಸವರಿಕೊಳ್ಳಬಹುದು. ಕ್ಷಾರ ಮಣ್ಣನ್ನೂ ಬರವನ್ನೂ ಅದು ತಾಳುತ್ತದೆ, ಕಾಯಿ ಉಪ್ಪಿನಕಾಯಿಗಾಗುತ್ತದೆ. ಮುಳ್ಳಿರುವುದರಿಂದ ಮಕ್ಕಳು ಓಡಾಡುವ ಹಾದಿಯಂಚಿಗೆ ಬೇಡ.